ಕುರ್ಚಿ ತುಂಬಿಸಿದ ಸಾರ್ವಜನಿಕರು

ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಅವನನ್ನು ಡಂಗುರ ಎಂದೇ ಕರೆಯುತ್ತಿದ್ದರು. ಸಂಶೋಧನೆಯನ್ನು ಜನರ ಬಳಿಗೆ ಒಯ್ಯುವುದು ಅವನ ಕೆಲಸ. ಹೊಸ ಕುಲಪತಿಗಳು ಬಂದ ಮೇಲೆ ಹುಟ್ಟಿದ ಹುದ್ದೆ ಅದು. ಅದಕ್ಕೊಂದು ಕೋಣೆ, ಕೋಣೆಗೊಂದು ಬೋರ್ಡು, ಬೋರ್ಡಿನ ಕೆಳಗೆ ಅವನು. ತಿಂಗಳಿಗೊಂದು ಉಪನ್ಯಾಸ ಏರ್ಪಡಿಸುತ್ತಿದ್ದ. ಊರ ತುಂಬ ಪೋಸ್ಟರ್ ಅಂಟಿಸಿದರೂ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಬರುವುದಾದರೂ ಯಾಕೆ? ಪೋಸ್ಟರಿನ ಶೀರ್ಷಿಕೆ ಓದಿ ಮುಗಿಸುವಷ್ಟರಲ್ಲಿ ಬಸ್ಸು ತಪ್ಪಿಹೋಗುತ್ತಿತ್ತು.

ಆದರೆ ಕುಲಪತಿಗಳಿಗೆ ತುಂಬಿದ ಸಭಾಂಗಣದ ಫೋಟೋ ಬೇಕಿತ್ತು. ಡಂಗುರ ಒಂದು ಉಪಾಯ ಹೂಡಿದ. ಉಪನ್ಯಾಸದ ದಿನ ಕಸ ಗುಡಿಸುವವರು, ತೋಟದವರು, ಕ್ಯಾಂಟೀನಿನವರು ಯೂನಿಫಾರ್ಮ್ ಬಿಚ್ಚಿಟ್ಟು ಮನೆಯ ಬಟ್ಟೆಯಲ್ಲಿ ಬಂದು ಕೂರಬೇಕು. ಅವರೇ ಸಾರ್ವಜನಿಕರು. ಕೊನೆಯಲ್ಲಿ ಕೇಳುವ ಪ್ರಶ್ನೆಗಳನ್ನು ಮೂವರು ಸಂಶೋಧನಾ ವಿದ್ಯಾರ್ಥಿಗಳಿಗೆ ಮೊದಲೇ ಬಾಯಿಪಾಠ ಮಾಡಿಸಿರುತ್ತಿದ್ದ. ಕಾರ್ಯಕ್ರಮ ಹೂವೆತ್ತಿದಂತೆ ಮುಗಿಯುತ್ತಿತ್ತು.

ಅವನನ್ನು ಸಾಕಿದ ದೊಡ್ಡಮ್ಮ ಅಲ್ಲೇ ಶೌಚಾಲಯ ತೊಳೆಯುತ್ತಿದ್ದಳು. ಅದನ್ನವನು ಮುಚ್ಚಿಟ್ಟವನಲ್ಲ, ಹೊಟ್ಟೆಬಟ್ಟೆ ಕಟ್ಟಿ ಓದಿಸಿದವಳು ಎಂದು ನಾಲ್ಕು ಜನರೆದುರು ಹೇಳಿಕೊಳ್ಳುತ್ತಿದ್ದ. ಉಸಿರಾಟದ ರೋಗಗಳ ಪ್ರಾಧ್ಯಾಪಕಿಯ ಸರದಿ ಬಂದಾಗ ಕುರ್ಚಿಗಳು ಖಾಲಿ ಉಳಿದವೆಂದು ಅವಳನ್ನೂ ಕರೆದ.

“ನಂಗೇನು ಅರ್ಥ ಆಗುತ್ತೋ ಮಗಾ?”

“ಅರ್ಥ ಆಗ್ಬೇಕು ಅಂತ ಯಾರು ಹೇಳಿದ್ರು? ಸುಮ್ನೆ ಬಂದು ಕೂತ್ಕೋ, ಸಾಕು.”

ಅವಳು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು ಬಂದಳು. ಪ್ರಾಧ್ಯಾಪಕಿ ಮಾತನಾಡಿದಷ್ಟು ಹೊತ್ತೂ ಕತ್ತು ಮುಂದೆ ಮಾಡಿ ಕೇಳಿದಳು. “ಯಾರು ಏನು ಬೇಕಾದ್ರೂ ಕೇಳಿ” ಎಂದು ಪ್ರಾಧ್ಯಾಪಕಿ ಹೇಳಿದ್ದೇ ತಡ, ದೊಡ್ಡಮ್ಮನ ಕೈ ಮೇಲೆದ್ದಿತು.

ಮೈಕು ಡಂಗುರನ ಕೈಯಲ್ಲಿತ್ತು. ಮೊದಲ ಸಾಲಿನಲ್ಲಿ ಕುಲಪತಿಗಳು ಕೂತಿದ್ದರು. ಇವಳು ಬಾಯಿ ಬಿಟ್ಟು, ಶೌಚಾಲಯದ ಮಾತು ಬಂತೋ, ಸಾರ್ವಜನಿಕರ ಬಣ್ಣ ಬಯಲು. ಕಂಡೂ ಕಾಣದವನಂತೆ ಅವಳ ಮುಂದೆಯೇ ಹಾದುಹೋದ. ಅವಳ ಬೆರಳು ಅವನ ಅಂಗಿಯ ತೋಳಿಗೆ ತಗುಲಿತು. ಹಿಂದೆ ಕೂತಿದ್ದ ವಿದ್ಯಾರ್ಥಿಗೆ ಮೈಕು ಕೊಟ್ಟ. “ನಿಮ್ಮ ಸಂಶೋಧನೆಗೆ ಸ್ಫೂರ್ತಿ ಯಾವುದು?” ಎಂದು ವಿದ್ಯಾರ್ಥಿ ಗಿಣಿಪಾಠ ಒಪ್ಪಿಸಿದ. ಎರಡನೇ ಪ್ರಶ್ನೆಯ ಹೊತ್ತಿಗೂ ದೊಡ್ಡಮ್ಮನ ಕೈ ಮೇಲೆಯೇ ಇತ್ತು. ಮೂರನೆಯದಕ್ಕೆ ಅದನ್ನಿಳಿಸಿ ಸೆರಗಿನೊಳಗೆ ಇಟ್ಟುಕೊಂಡಳು.

ಕಾರು ಹತ್ತುವ ಮುನ್ನ ಪ್ರಾಧ್ಯಾಪಕಿಯ ಮುಖ ಸಪ್ಪಗಿತ್ತು. “ಹುಡುಗ್ರನ್ನ ಬಿಟ್ರೆ ಜನ ಯಾರೂ ಏನೂ ಕೇಳ್ಲೇ ಇಲ್ಲ. ಅಷ್ಟು ಕಷ್ಟವಾಗಿ ಹೇಳ್ಬಿಟ್ನಾ?”

“ಎಲ್ರಿಗೂ ಅರ್ಥ ಆಗಿದೆ ಮೇಡಂ, ಅದಕ್ಕೇ ಸುಮ್ನಿದ್ರು” ಎಂದ. ಹೇಳಿ ಮುಗಿಸುವಷ್ಟರಲ್ಲಿ ತನ್ನ ಮೇಲೇ ಅಸಹ್ಯವಾಯಿತು.

ಮನೆಗೆ ಬಂದರೆ ದೊಡ್ಡಮ್ಮ ಆ ಸೀರೆ ಮಡಿಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ.

“ಏನು ಕೇಳ್ಬೇಕು ಅಂತಿದ್ದೆ?”

“ಏನಿಲ್ಲ ಬಿಡು. ಆಸಿಡ್ಡು, ಬ್ಲೀಚಿಂಗ್ ಪುಡಿ ಎರಡೂ ಸುರಿದು ತೊಳೆದ ದಿನ ಎದೆ ಹಿಡ್ಕೊಂಡುಬಿಡುತ್ತೆ. ಮಲಗಿದ್ರೆ ಉಸಿರೇ ಆಡಲ್ಲ. ವಯಸ್ಸಾಯ್ತಲ್ಲ ಅಂತ ಸುಮ್ನಿದ್ದೆ. ಆಯಮ್ಮ ಅಂಥದ್ದೇ ಹೇಳ್ತಿದ್ರು. ಇದು ವಯಸ್ಸೋ ಆಸಿಡ್ಡೋ ಕೇಳೋಣ ಅಂತ.”

ಗೋಡೆಯಾಚೆಯ ಆ ಕೆಮ್ಮು ಅವನಿಗೆ ಎಷ್ಟೋ ದಿನಗಳಿಂದ ಕೇಳುತ್ತಿತ್ತು. ಅವನೂ ವಯಸ್ಸಾಯಿತು ಎಂದುಕೊಂಡೇ ಮಗ್ಗುಲು ಬದಲಿಸುತ್ತಿದ್ದ. ಈಗ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು.

“ನಾಳೆನೇ ಅವರ ಹತ್ರ ಕರ್ಕೊಂಡು ಹೋಗ್ತೀನಿ ದೊಡ್ಡಮ್ಮ.”

“ಹೋಗೋಣಂತೆ.”

ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಸೀರೆಯನ್ನು ಪೆಟ್ಟಿಗೆಗೆ ಸೇರಿಸಿ, ಬಂದು ಅವನ ತಲೆ ಸವರಿದಳು.

“ಮುಂದಿನ ತಿಂಗಳೂ ಕುರ್ಚಿ ಖಾಲಿ ಇದ್ರೆ ಕರಿ ಮಗಾ, ಬಂದು ಕೂರ್ತೀನಿ. ಕೈ ಎತ್ತಲ್ಲ.”