ಆರನೇ ವಿಷಯ, ಪಾರಿವಾಳ

ನಮ್ಮ ವಾರ್ಡ್ ಸಮಿತಿಯ ಸಭೆ ತಿಂಗಳ ಮೊದಲ ಶನಿವಾರ, ಹಲಸೂರಿನ ವಾರ್ಡ್ ಕಚೇರಿಯ ಮಹಡಿಯಲ್ಲಿ ನಡೆಯುತ್ತದೆ. ಸದಸ್ಯರಲ್ಲಿ ನಾನೇ ಎಲ್ಲರಿಗಿಂತ ಕಿರಿಯಳು. ಚರಂಡಿಯ ಕಲ್ಲು ಯಾವ ದಿನ ಒಡೆಯಿತು, ಬೀದಿದೀಪ ಯಾವ ದಿನ ಕೆಟ್ಟಿತು ಎಂದು ದಿನಚರಿಯಲ್ಲಿ ಬರೆದಿಡುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದ ಇದೆ. ಅದನ್ನು ನೋಡಿ ನೋಡಿ ಸಾಕಾದ ಅಮ್ಮ ಒಂದು ದಿನ, "ಇಲ್ಲಿ ಬರ್ಕೊಂಡ್ ಕೂತ್ರೆ ದೀಪ ಹತ್ತುತ್ತಾ? ಹೋಗಿ ವಾರ್ಡ್ ಕಮಿಟೀಲಿ ಓದು" ಎಂದಳು. ಅರ್ಜಿ ಹಾಕಿದೆ, ಆಯ್ಕೆಯಾದೆ. ಮೊದಲ ಸಭೆಯಲ್ಲೇ ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ಏಕೆಂದರೆ ಬೇರೆ ಯಾರೂ ಪೆನ್ನು ತಂದಿರಲಿಲ್ಲ.

ಮುಂಗಾರಿಗೆ ಮುಂಚಿನ ಆ ಸಭೆಯ ಕಾರ್ಯಸೂಚಿಯಲ್ಲಿ ಇದ್ದದ್ದು ಒಂದೇ ತಲೆಬರಹ: ವಾರ್ಡಿನಲ್ಲಿ ಉಪದ್ರವ ನಿವಾರಣೆ ಮತ್ತು ಆಸ್ತಿಗಳ ನಿರ್ವಹಣೆ. ಅದರ ಕೆಳಗೆ ಆರು ವಿಷಯಗಳು. ಖಾಲಿ ಸೈಟುಗಳ ಗಿಡಗಂಟಿ, ರಸ್ತೆ ಬದಿಯ ಕಟ್ಟಡದ ಕಸ, ಓಡದ ಗಾಡಿಗಳು, ಫುಟ್‌ಪಾತಿಗೆ ಚಾಚಿಕೊಂಡ ಮೆಟ್ಟಿಲುಗಳು, ಬಾಲ್ಕನಿಯ ಕುಂಡಗಳಿಂದ ದಾರಿಹೋಕರ ತಲೆಯ ಮೇಲೆ ಸೋರುವ ನೀರು, ಕೊನೆಗೆ ಪಾರಿವಾಳ. ನಮಗೆ ಕಾನೂನು ಮಾಡುವ ಅಧಿಕಾರವಿಲ್ಲ. ಆದರೆ ನಿರ್ಣಯ ಮಾಡಿದರೆ ಆರೋಗ್ಯ ನಿರೀಕ್ಷಕರು ಅದನ್ನು ಹಿಡಿದು ಮನೆಮನೆಗೆ ನೋಟಿಸ್ ಕೊಡುತ್ತಾರೆ. ಬೀದಿಯವರಿಗೆ ಎರಡೂ ಒಂದೇ.

ಯಾರು ಎಷ್ಟು ಸಲ ಮಾತಾಡಿದರು ಎಂದು ನಾನು ಹಾಳೆಯ ಅಂಚಿನಲ್ಲಿ ಗೀಟು ಹಾಕುತ್ತೇನೆ. ಅಂದು ಅತಿ ಹೆಚ್ಚು ಗೀಟು ಬಿದ್ದದ್ದು ಇಬ್ಬರಿಗೆ. ಒಬ್ಬರು ನಮ್ಮ ಬೀದಿಯ ಎದುರಿನ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ. ಇನ್ನೊಬ್ಬರು ಹಲಸೂರಿನ ಹಳೆಯ ಮನೆತನದವರು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ. ಅವರನ್ನು ಎಲ್ಲರೂ ಯಜಮಾನ್ರು ಎನ್ನುತ್ತಾರೆ.

"ಓಡದ ಗಾಡಿ ಅಂದ್ರೆ ಯಾವ್ದು ಸರ್? ಅದನ್ನ ಮೊದ್ಲು ಹೇಳ್ಬಿಡಿ" ಎಂದು ಯಜಮಾನ್ರು ಕೇಳಿದರು.

"ನಿಂತಲ್ಲೇ ನಿಂತಿರೋದು. ಯಾರಿಗೂ ಉಪಯೋಗ ಇಲ್ದಿರೋದು. ಸುಮ್ನೆ ಜಾಗ ತಿಂತಾ ಇರೋದು" ಎಂದರು ಕಾರ್ಯದರ್ಶಿ.

"ಹಂಗಾದ್ರೆ ನನ್ ತಮ್ಮನ್ನೂ ಬರ್ಕೊಳಮ್ಮ."

ಅಧ್ಯಕ್ಷತೆ ವಹಿಸಿದ್ದ ನೋಡಲ್ ಅಧಿಕಾರಿ ನಗಬಾರದೆಂದು ನೀರು ಕುಡಿದರು. ಐದು ವಿಷಯಗಳು ಹೀಗೇ ಮುಗಿದವು. ಆರನೆಯದಕ್ಕೆ ಬರುವಾಗ ಟೀ ಬಂದಿತ್ತು, ಆದರೂ ಯಾರೂ ಲೋಟ ಮುಟ್ಟಲಿಲ್ಲ.

ಪಾರಿವಾಳದ ವಿಷಯ ಬಂದದ್ದು ನಮ್ಮ ಪಕ್ಕದ ಮನೆಯ ಟೀಚರ್ ಬರೆದ ಪತ್ರದಿಂದ. ನಿವೃತ್ತರಾಗಿ ಒಬ್ಬರೇ ಇದ್ದಾರೆ. ನಮ್ಮ ಬೀದಿಯ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು, ನನಗೂ. ಹೋದ ವರ್ಷದಿಂದ ಅವರಿಗೆ ಕೆಮ್ಮು. ಪಾರಿವಾಳದ ಹಿಕ್ಕೆಯ ಧೂಳಿನಿಂದ ದೂರ ಇರಬೇಕು ಎಂದು ಡಾಕ್ಟರು ಹೇಳಿದ್ದಾರೆ. ಕಿಟಕಿಯ ಸಜ್ಜೆಯ ಮೇಲೆ, ಅಪಾರ್ಟ್‌ಮೆಂಟಿನ ಏಸಿ ಡಬ್ಬಗಳ ಮೇಲೆ ಹಿಂಡುಗಟ್ಟಿ ಕೂರುವ ಹಕ್ಕಿಗಳಿಗೆ ಏನಾದರೂ ಮಾಡಿ ಎಂದಷ್ಟೇ ಅವರು ಬರೆದದ್ದು. ಅದು ಕಾರ್ಯಸೂಚಿಗೆ ಬರುವಷ್ಟರಲ್ಲಿ ಹೀಗಾಗಿತ್ತು: ಮಹಡಿಯ ಮೇಲೆ ಪಾರಿವಾಳದ ಗೂಡು ಇಡುವಂತಿಲ್ಲ.

ನಮ್ಮ ಸುತ್ತಮುತ್ತ ಗೂಡು ಇದ್ದದ್ದು ಒಂದೇ. ಅದು ಟೀಚರ ಮನೆಗೆ ಬೆನ್ನು ಕೊಟ್ಟ ಮನೆಯ ಭಾಯ್ ಅವರದು. ಶಿವಾಜಿನಗರದಲ್ಲಿ ಸ್ಕೂಟರ್ ಸೀಟು ಹೊಲಿಯುವ ಅಂಗಡಿ ಅವರಿಗಿದೆ. ಅವರ ಅಬ್ಬಾ ಕಟ್ಟಿದ ಗೂಡು ಅದು. ಹಸಿರು ಬಣ್ಣದ ಮರದ ಪೆಟ್ಟಿಗೆಗಳು, ತಂತಿಯ ಬಾಗಿಲು. ಸಾಕಿದ್ದು ಆಕಾಶದಲ್ಲಿ ಎತ್ತರಕ್ಕೆ ನಿಂತು ಹಾರುವ ಜಾತಿ. ಬೇಸಿಗೆಯಲ್ಲಿ ಸ್ಪರ್ಧೆ ನಡೆಯುವಾಗ ಬೇರೆ ಬಡಾವಣೆಯಿಂದ ರೆಫರಿ ಬಂದು, ಚಾಪೆ ಹಾಸಿ, ಬೆನ್ನ ಮೇಲೆ ಮಲಗಿ ಇಡೀ ದಿನ ಆಕಾಶ ನೋಡುತ್ತಾನೆ. ಬೆಳಿಗ್ಗೆ ಬಿಟ್ಟ ಹಕ್ಕಿ ಎಷ್ಟು ಹೊತ್ತು ಹಾರಿದರೂ ಕೊನೆಗೆ ತನ್ನ ಮಹಡಿಗೇ ಇಳಿಯಬೇಕು. ಪಕ್ಕದ ಮಹಡಿಗೆ ಇಳಿದರೆ ಆ ದಿನದ ಹಾರಾಟವೆಲ್ಲ ವ್ಯರ್ಥ.

ಸಭೆಗೆ ಭಾಯ್ ಬಂದಿದ್ದರು. ಸಾರ್ವಜನಿಕರು ಹಿಂದಿನ ಬೆಂಚಿನಲ್ಲಿ ಕೂರಬಹುದು. ಅವರು ಎದ್ದು ನಿಂತರು.

"ಸರ್, ಟೀಚರಮ್ಮನ ಕಿಟಕಿ ಮೇಲೆ ಕೂರೋವು ಕಾಡು ಪಾರಿವಾಳ. ನನ್ನವು ಹಾರಿದ್ರೆ ಮೋಡದಲ್ಲಿ, ಇಳಿದ್ರೆ ಗೂಡಲ್ಲಿ. ಮಧ್ಯ ಎಲ್ಲೂ ಸ್ಟಾಪ್ ಇಲ್ಲ."

"ಪಾರಿವಾಳ ಪಾರಿವಾಳನೇ ಅಲ್ವೇನ್ರೀ? ನಿಮ್ದು ಐಡಿ ಕಾರ್ಡ್ ಹಾಕ್ಕೊಂಡ್ ಓಡಾಡ್ತಾವಾ?" ಎಂದರು ಕಾರ್ಯದರ್ಶಿ.

"ಹಾಕ್ಕೊಂಡಿದಾವೆ ಸರ್. ಕಾಲಲ್ಲಿ ಉಂಗುರ, ನಂಬರ್ ಸಮೇತ."

ಎಲ್ಲರೂ ನಕ್ಕರು. ಭಾಯ್ ನಗಲಿಲ್ಲ. "ಕಾಡು ಪಾರಿವಾಳಕ್ಕೆ ನೋಟಿಸ್ ಎಲ್ಲಿ ಅಂಟಿಸ್ತೀರಾ? ನನ್ ಮನೆಗೆ ಬಾಗಿಲಿದೆ, ಅದಕ್ಕೆ ನನಗೆ ಅಂಟಿಸ್ತೀರಾ. ಅಷ್ಟೇ ತಾನೇ?"

ಆಗ, ಪತ್ರ ಬರೆದವರೆಂದು ಮುಂದೆ ಕೂರಿಸಿದ್ದ ಟೀಚರ್ ಕುರ್ಚಿಯಿಂದ ಎದ್ದರು. "ನಾನು ಭಾಯ್ ಮೇಲೆ ಬರೆದಿಲ್ಲ. ಅವರ ಹೆಸರೇ ಎತ್ತಿಲ್ಲ. ನಾನ್ ಬರೆದಿದ್ದು…" ಎನ್ನುವಷ್ಟರಲ್ಲಿ ಕೆಮ್ಮು ಬಂತು. ಕುರ್ಚಿಯ ಬೆನ್ನು ಹಿಡಿದು ಕೆಮ್ಮಿದರು, ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದರು. ಭಾಯ್ ತಮ್ಮ ನೀರಿನ ಬಾಟಲಿ ತಂದು ಕೊಟ್ಟರು. ಟೀಚರು ಹೇಳಬೇಕೆಂದಿದ್ದ ಮಾತು ಹಾಗೇ ಉಳಿಯಿತು. ಆ ಕೆಮ್ಮು ಕೇಳಿದ ಮೇಲೆ ಗೂಡಿನ ಪರವಾಗಿ ಮಾತಾಡುವುದು ಯಾರಿಗೂ ಸುಲಭವಾಗಿರಲಿಲ್ಲ.

ಕೈ ಎತ್ತಲು ಹೇಳಿದರು. ಗೂಡು ಬೇಡ ಎಂದವರು ಒಂಬತ್ತು, ಇರಲಿ ಎಂದವರು ನಾಲ್ಕು. ನಾನು ನಾಲ್ಕರಲ್ಲಿದ್ದೆ, ಟೀಚರ ಕಡೆ ನೋಡದೆ ಕೈ ಎತ್ತಿದ್ದೆ. ಮುಂದಿನ ಸಭೆಯೊಳಗೆ ಗೂಡು ತೆರವು ಮಾಡಬೇಕು ಎಂದು ನಾನೇ ಬರೆದೆ.

ಹಕ್ಕಿಗಳನ್ನು ಮಾರುವುದು ಭಾಯ್‌ಗೆ ಆಗದ ಮಾತು. ಮಾರಿದರೂ ವಾಪಸ್ಸು ಬರುತ್ತವೆ, ಕೊಂಡವನು ಬಂದು ಜಗಳ ಆಡುತ್ತಾನೆ. ಕೆ.ಆರ್. ಪುರದ ಹತ್ತಿರ, ಟಿನ್ ಫ್ಯಾಕ್ಟರಿಯಿಂದ ಒಳಗೆ ಅವರ ಮಗಳ ಮನೆಯಿದೆ. ಅಲ್ಲಿನ ಮಹಡಿಗೆ ಸಾಗಿಸುವುದೆಂದಾಯಿತು. ಮರುದಿನ ಭಾನುವಾರ ನಾನೂ ಭಾಯ್ ಮಹಡಿಗೆ ಹೋದೆ. ಬೆಳೆದ ಹಕ್ಕಿಯನ್ನು ಹೊಸ ಜಾಗಕ್ಕೆ ಒಗ್ಗಿಸಬೇಕಾದರೆ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಬೇಕು. ಅವು ಉದುರಿ ಹೊಸ ಗರಿ ಬರುವ ತನಕ ಹಾರಲಾರವು. ಅಷ್ಟರಲ್ಲಿ ಅಲ್ಲಿ ಜೋಡಿಯಾಗಿ, ಮೊಟ್ಟೆಯಿಟ್ಟು, ಆ ಮಹಡಿಯನ್ನೇ ಮನೆ ಅಂದುಕೊಳ್ಳುತ್ತವೆ. ಭಾಯ್ ಒಂದೊಂದನ್ನೇ ಎದೆಗೆ ಒತ್ತಿ ಹಿಡಿದು, ರೆಕ್ಕೆ ಬಿಡಿಸಿ, ರೆಕ್ಸಿನ್ ಕತ್ತರಿಸುವ ಕತ್ತರಿಯಿಂದ ಕತ್ತರಿಸಿದರು. ನಾನು ಬುಟ್ಟಿಯ ಮುಚ್ಚಳ ಹಿಡಿದುಕೊಂಡಿದ್ದೆ.

ಕೊನೆಗೆ ಉಳಿದದ್ದು ಒಂದು ಬೂದು ಬಣ್ಣದ ಮುದಿ ಹೆಣ್ಣು. ಭಾಯ್ ಅದರ ರೆಕ್ಕೆ ಬಿಡಿಸಿದರು, ನೋಡಿದರು, ಮಡಿಸಿದರು.

"ಇವಳಿಗೆ ಬೇಡ ಬೇಟಾ. ವಯಸ್ಸಾಯ್ತು. ಈ ಗರಿ ಹೋಗಿ ಇನ್ನೊಂದು ಬರೋತನಕ ಇರ್ತಾಳೋ ಇಲ್ವೋ. ಒಂದ್ಸಲನೂ ಹಾರದೇನೇ ಹೋಗ್ಬಿಟ್ರೆ?"

"ವಾಪಸ್ ಬಂದ್ಬಿಟ್ರೆ ಅಂಕಲ್?"

"ಹೆಂಗ್ ಬರ್ತಾಳೆ? ಬಾಗಿಲು ಹಾಕಿರ್ತೀನಿ."

ಹೇಳಿದಂತೆ ಬಾಗಿಲು ಹಾಕಿಯೇ ಇಟ್ಟಿದ್ದರು. ಆದರೆ ಎರಡು ವಾರದ ಮೇಲೆ ಮಗಳ ಮನೆಗೆ ಹೋದಾಗ, ಅದು ಮೂಲೆಯಲ್ಲಿ ಮುದುರಿ ಕೂತದ್ದನ್ನು ನೋಡಲಾರದೆ, ಸ್ವಲ್ಪ ಬಿಸಿಲು ಕಾಯಲಿ ಎಂದು ಅವರೇ ಕೈಯಾರೆ ಹೊರಗೆ ಬಿಟ್ಟರು. ಅದು ಮಹಡಿಯ ಗೋಡೆಯ ಮೇಲೆ ಕೂತು ರೆಕ್ಕೆ ಕೊಡವಿಕೊಂಡಿತು, ಎದ್ದು ಎರಡು ಸುತ್ತು ಹಾಕಿತು, ಹೋಯಿತು. ಭಾಯ್ ಮೆಟ್ರೊ ಹತ್ತಿದರು. ಬೈಯಪ್ಪನಹಳ್ಳಿ ದಾಟುವಾಗ ನನಗೆ ಫೋನು ಮಾಡಿದರು.

"ಮನೇಲಿದೀಯಾ? ಮೇಲ್ ಹೋಗಿ ನೋಡು, ಬಂದಿದಾಳಾ?"

ಬಂದಿತ್ತು. ಗೂಡು ಇದ್ದ ಜಾಗದಲ್ಲಿ ಹಸಿರು ಬಣ್ಣದ ಗುರುತುಗಳಷ್ಟೇ ಉಳಿದಿದ್ದವು. ಅದು ಆ ಬರಿ ಸಿಮೆಂಟಿನ ಮೇಲೆ ಅತ್ತಿತ್ತ ನಡೆಯುತ್ತಿತ್ತು. ಸಂಜೆ ಮಳೆ ಬಂತು. ಮಳೆಗೆ ಮರೆ ಇದ್ದದ್ದು ಒಂದೇ ಕಡೆ, ಟೀಚರ ಕಿಟಕಿಯ ಸಜ್ಜೆಯ ಕೆಳಗೆ. ಇಷ್ಟು ವರ್ಷ ಯಾರ ಕಿಟಕಿಯಲ್ಲೂ ಕೂರದ ಹಕ್ಕಿ ಅಲ್ಲಿ ಹೋಗಿ ಕೂತಿತು. ಭಾಯ್ ಅದನ್ನು ಹಿಡಿದು ಬುಟ್ಟಿಗೆ ಹಾಕಿ ಮತ್ತೆ ಕೆ.ಆರ್. ಪುರಕ್ಕೆ ಒಯ್ದರು. ಮರುವಾರ ಮಗಳು ನೀರು ಇಡಲು ಬಾಗಿಲು ತೆರೆದ ಕೂಡಲೇ ಅದು ಮತ್ತೆ ಬಂತು.

ಮುಂದಿನ ಸಭೆಯಲ್ಲಿ ಕಾರ್ಯದರ್ಶಿ ಫೋನಿನಲ್ಲಿ ಫೋಟೊ ತೋರಿಸಿದರು. "ನೋಡಿ ಸರ್, ನಿರ್ಣಯ ಆದ್ಮೇಲೂ ಅವರ ಪಾರಿವಾಳ ಇಲ್ಲೇ ಇದೆ. ಅದೂ ಟೀಚರ್ ಕಿಟಕೀಲೇ!"

"ಗೂಡು ಎಲ್ಲಿದೆ ತೋರ್ಸಿ" ಎಂದರು ಯಜಮಾನ್ರು.

"ಗೂಡಿಲ್ಲ."

"ಗೂಡಿಲ್ದಿರೋ ಪಾರಿವಾಳ ಕಾಡು ಪಾರಿವಾಳ ಆಯ್ತಲ್ಲ ಸ್ವಾಮಿ. ನಾವೇ ಮಾಡಿದ್ವಲ್ಲ."

ನೋಡಲ್ ಅಧಿಕಾರಿ ಹೋದ ತಿಂಗಳ ನಡಾವಳಿ ಓದಲು ಹೇಳಿದರು. ಓದಿದೆ. ಗೂಡು ಇಡುವಂತಿಲ್ಲ ಎಂದಿತ್ತು. ಪಾರಿವಾಳ ಕೂರುವಂತಿಲ್ಲ ಎಂದು ಎಲ್ಲೂ ಇರಲಿಲ್ಲ. ಭಾಯ್ ಈ ಸಲವೂ ಹಿಂದಿನ ಬೆಂಚಿನಲ್ಲಿದ್ದರು. ಬೂದು ಹೆಣ್ಣನ್ನು ಮತ್ತೆ ಒಯ್ಯುವುದಾದರೆ ಗರಿ ಕತ್ತರಿಸದೆ ಬೇರೆ ದಾರಿಯಿಲ್ಲ ಎಂದು ಆ ಬೆಳಿಗ್ಗೆ ನನ್ನೊಡನೆ ಹೇಳಿದ್ದರು.

ಟೀಚರ್ ಈ ಸಲ ಬಿಸಿನೀರಿನ ಫ್ಲಾಸ್ಕ್ ತಂದಿದ್ದರು. ಮೊದಲು ಒಂದು ಗುಟುಕು ಕುಡಿದು ಆಮೇಲೆ ಎದ್ದರು.

"ಗೂಡು ಹೋಗಿ ಒಂದು ತಿಂಗಳಾಯ್ತು. ನನ್ ಕೆಮ್ಮು ಹೋಗಿಲ್ಲ. ಭಾಯ್ ಗೂಡಿನ ಧೂಳೂ ಬರ್ತಿತ್ತು, ಇಲ್ಲ ಅನ್ನಲ್ಲ. ಕ್ಲೀನ್ ಮಾಡ್ವಾಗ ನನ್ ರೂಮಿಗೇ ಬರ್ತಿತ್ತು. ಆದ್ರೆ ದಿನಾ ಬೆಳಿಗ್ಗೆ ಬೀದಿ ಮೂಲೇಲಿ ಜೋಳ ಸುರೀತಾರಲ್ಲ, ಅದಕ್ಕೆ ಬರೋ ಹಿಂಡಿಗೆ ಯಾರು ಹೇಳೋರು? ಜೋಳ ಸುರಿಯೋರು ಯಾರು ಅಂತ ಈ ರೂಮಲ್ಲಿರೋರಿಗೆ ಗೊತ್ತು."

ಎಲ್ಲರೂ ಕಾರ್ಯದರ್ಶಿಯನ್ನು ನೋಡಿದರು. ಅವರು ಕನ್ನಡಕ ತೆಗೆದು ಒರೆಸಿದರು.

"ನಮ್ಮತ್ತೆ" ಎಂದರು ಕಡೆಗೆ. "ಪುಣ್ಯ ಅಂತ ಸುರೀತಾರೆ. ನಾನ್ ಹೇಳಿದ್ರೆ ಕೇಳಲ್ಲ. ನೋಟಿಸ್ ಕೊಡೋದಾದ್ರೆ ದಯವಿಟ್ಟು ನನ್ನ ಕೈಲಿ ಕೊಡ್ಬೇಡಿ, ಪೋಸ್ಟಲ್ಲಿ ಕಳ್ಸಿ."

ಆ ನಗುವಿನ ನಡುವೆ ಸಭೆಯ ಬಿಗಿ ಸಡಿಲವಾಯಿತು. ಮೂಲೆಯಲ್ಲಿ ಕಾಳು ಸುರಿಯುವುದು ನಿಲ್ಲಬೇಕು. ಗೂಡು ಇಡಬಹುದು, ಟೀಚರ ಕಿಟಕಿಯಿಂದ ದೂರ, ರಸ್ತೆಯ ಬದಿಗೆ, ಹಕ್ಕಿಗಳು ಹನ್ನೆರಡು ಮೀರಬಾರದು, ಪ್ರತಿದಿನ ನೀರು ಚಿಮುಕಿಸಿ ತೊಳೆಯಬೇಕು. ಕೈ ಎತ್ತಿದವರು ಹನ್ನೊಂದು. ಕಾರ್ಯದರ್ಶಿಯ ಕೈಯೂ ಅದರಲ್ಲಿ ಇತ್ತು. ಬೇಡ ಎಂದ ಇಬ್ಬರೂ ಪಕ್ಕದ ಬೀದಿಯವರು, ಅವರಿಗೆ ನಾಯಿಗಳ ಬಗ್ಗೆ ಮಾತಾಡಬೇಕಿತ್ತು.

ಹನ್ನೆರಡು ಎನ್ನುವುದು ಭಾಯ್‌ಗೆ ಸುಲಭವಾಗಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು ಮಗಳ ಮನೆಯಲ್ಲೇ ಉಳಿದವು. ಯಾವುವನ್ನು ತರುವುದು ಎಂದು ಒಂದು ವಾರ ಯೋಚಿಸಿದರು. ಬೂದು ಹೆಣ್ಣಿನ ಬಗ್ಗೆ ಮಾತ್ರ ಯೋಚನೆಯೇ ಇರಲಿಲ್ಲ, ಅದು ಆಗಲೇ ಬಂದು ಕೂತಾಗಿತ್ತು.

ಹೊಸ ಗೂಡು ಎದ್ದ ಮೊದಲ ವಾರದಲ್ಲೇ ಇನ್ನೊಂದು ಏರ್ಪಾಡು ಶುರುವಾಯಿತು. ಅದು ಯಾವ ನಡಾವಳಿಯಲ್ಲೂ ಇಲ್ಲ. ಗುಡಿಸುವ ಮುನ್ನ ಭಾಯ್ ಸಿಂಟೆಕ್ಸ್ ಟ್ಯಾಂಕಿನ ಮೇಲೆ ಕೋಲಿನಿಂದ ಡಬ್ ಡಬ್ ಎಂದು ಬಡಿಯುತ್ತಾರೆ. ಟೀಚರ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಒದ್ದೆ ಗೋಣಿಚೀಲದಿಂದ ಒರೆಸಿ, ತೊಳೆದು, ನೀರು ಇಂಗಿದ ಮೇಲೆ ಮತ್ತೆ ಬಡಿಯುತ್ತಾರೆ. ಕಿಟಕಿಗಳು ತೆರೆಯುತ್ತವೆ. ಇದನ್ನೂ ಷರತ್ತುಗಳ ಜೊತೆ ಸೇರಿಸೋಣವೇ, ಬೇರೆ ಬೀದಿಯವರಿಗೂ ಉಪಯೋಗವಾಗುತ್ತದೆ ಎಂದು ನಾನು ಕೇಳಿದೆ.

"ಬೇಡಮ್ಮ" ಎಂದರು ಟೀಚರ್. "ಬರೆದ್ಬಿಟ್ರೆ, ಒಂದಿನ ಅವರು ಮರೆತ್ರೆ ನಾನು ಕಂಪ್ಲೇಂಟ್ ಕೊಡ್ಬೇಕಾಗುತ್ತೆ."

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಭಾಯ್ ಬಡಿದರು, ಕಿಟಕಿ ಮುಚ್ಚಲಿಲ್ಲ. ಮತ್ತೆ ಬಡಿದರು. ಕೆಳಗಿಳಿದು ಬೀದಿ ಸುತ್ತಿ ಬಂದು ಟೀಚರ ಬಾಗಿಲು ತಟ್ಟಿದರು. ನಾನು ಕೆಲಸಕ್ಕೆ ಹೊರಟವಳು ಗೇಟಿನಲ್ಲಿ ನಿಂತೆ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ರಾತ್ರಿಯೆಲ್ಲ ಕೆಮ್ಮಿ ಬೆಳಗಿನ ಜಾವ ನಿದ್ದೆ ಹತ್ತಿತಂತೆ.

"ಮುಚ್ತೀನಿ ಭಾಯ್, ಒಂದ್ನಿಮಿಷ."

"ಇವತ್ತು ಬೇಡ ಟೀಚರಮ್ಮ. ಗಾಳಿ ಆಡ್ಲಿ, ತೆಗೆದೇ ಇಟ್ಕೊಳ್ಳಿ. ನಾಳೆ ಎರಡು ಸಲ ತೊಳೀತೀನಿ."

ಪ್ರತಿದಿನ ತೊಳೆಯಬೇಕು ಎಂದು ನಿರ್ಣಯದಲ್ಲಿ ನಾನೇ ಬರೆದಿದ್ದೆ. ಭಾಯ್ ತಮ್ಮ ಮಹಡಿಗೆ ವಾಪಸ್ಸು ಹೋಗಿ, ಗೂಡಿನ ಬಾಗಿಲು ತೆರೆಯದೆ, ಕಾಳು ನೀರನ್ನು ತಂತಿಯ ಸಂದಿಯಿಂದ ಒಳಗಿಟ್ಟು, ಕೈ ತೊಳೆದುಕೊಂಡು ಅಂಗಡಿಗೆ ಹೊರಟರು. ನಾವಿಬ್ಬರೂ ಬಸ್ ಸ್ಟಾಪಿನ ತನಕ ಜೊತೆಗೆ ನಡೆದೆವು.