ಅಲೆ ಇಲ್ಲದ ಬೆಸುಗೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದ ಹೊಸಮನೆಯಿಂದ ದಿನವೂ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ, ಲೋಹ ಪರೀಕ್ಷೆಯ ಒಂದು ಸಣ್ಣ ಖಾಸಗಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಮ್ಯಾನೇಜರನ್ನು ಬಿಟ್ಟರೆ ಅಲ್ಲಿದ್ದವರು ಒಬ್ಬರೇ ಹಿರಿಯರು. ಪರೀಕ್ಷೆಗೆ ಬಂದ ಲೋಹದ ತುಂಡುಗಳನ್ನು ಕತ್ತರಿಸಿ, ಕನ್ನಡಿಯಂತಾಗುವ ತನಕ ಪಾಲಿಶ್ ಮಾಡಿಕೊಡುವುದು ಅವರ ಕೆಲಸ, ಅವನ್ನು ನೋಡಿ ರಿಪೋರ್ಟು ಬರೆಯುವುದು ನನ್ನದು. ಮನೆಮಾತು ತಮಿಳು, ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿ. ನಾನು ಅಣ್ಣ ಎನ್ನುತ್ತಿದ್ದೆ.

ಒಂದು ದಿನ ಹೊರಗಿನ ಕಂಪನಿಯೊಂದರ ಏಜೆಂಟು ಎರಡು ತುಂಡು ತಂದುಕೊಟ್ಟ. ಒಂದರಲ್ಲಿ ಉಕ್ಕಿನ ಮೇಲೆ ತಾಮ್ರ, ಇನ್ನೊಂದರಲ್ಲಿ ಉಕ್ಕಿನ ಮೇಲೆ ಅಲ್ಯೂಮಿನಿಯಂ. ಒಲೆಯಲ್ಲಿ ಕಾಯಿಸಿ ಬೆಸೆದದ್ದಲ್ಲವಂತೆ, ಒಂದು ತಗಡನ್ನು ಸ್ಫೋಟದ ರಭಸದಿಂದ ಇನ್ನೊಂದಕ್ಕೆ ಅಪ್ಪಳಿಸಿ ಕೂಡಿಸಿದ್ದಂತೆ. ಊರಿನ ವರ್ಕ್‌ಶಾಪೊಂದು ಅಂಥ ಪ್ಲೇಟು ಕೊಳ್ಳುವ ಮೊದಲು ನಮ್ಮ ರಿಪೋರ್ಟು ಕೇಳಿತ್ತು.

ಮ್ಯಾನೇಜರಿಗೆ ನಂಬಿಕೆಯೇ ಬರಲಿಲ್ಲ. "ಬರೀ ಹೊಡೆತಕ್ಕೆ ಎರಡು ಲೋಹ ಅಂಟ್ಕೊಳ್ಳುತ್ತಾ ಮಾರಾಯ್ತಿ? ಏನೋ ಗೋಲ್‌ಮಾಲ್ ಇದೆ. ಸರಿಯಾಗಿ ನೋಡು" ಎಂದರು.

ಸೂಕ್ಷ್ಮದರ್ಶಕದಲ್ಲಿ ನೋಡಿದೆ. ತಾಮ್ರ ಮತ್ತು ಉಕ್ಕು ಸೇರಿದ ಕಡೆ, ಗಾಳಿ ತಾಗಿದ ಕೆರೆಯ ನೀರಿನಂತೆ ಸಾಲಾಗಿ ಸಣ್ಣ ಅಲೆಗಳು. ಒಳ್ಳೆಯ ಹೊಡೆತದ ಗುರುತು ಅದು ಎಂದು ಓದಿದ್ದೆ. ಅಲ್ಯೂಮಿನಿಯಂ ತುಂಡಿನಲ್ಲಿ ಅಲೆಯೇ ಇಲ್ಲ. ಹೆಚ್ಚುಕಡಿಮೆ ನೇರವಾದ ಒಂದು ಗೆರೆ, ಅಲ್ಲಲ್ಲಿ ಬೂದು ಕಲೆ. ಎರಡನ್ನೂ ಒಂದೇ ರೀತಿ ಮಾಡಿದ್ದೆಂದು ಏಜೆಂಟು ಬರೆದುಕೊಟ್ಟಿದ್ದ.

ಮೊದಲು ಅವನ ಮೇಲೆ ಗುಮಾನಿ ಬಂತು, ಆಮೇಲೆ ಅಣ್ಣನ ಮೇಲೆ. ಹಿಂದಿನ ದಿನ ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ಅವರಿಬ್ಬರೂ ತಲೆಗೆ ತಲೆ ಸೇರಿಸಿ ಮಾತಾಡುತ್ತಿದ್ದರು. ನನ್ನನ್ನು ಕಂಡದ್ದೇ ಅಣ್ಣ ಮಾತು ನಿಲ್ಲಿಸಿದ್ದರು. ಅವನ ಮಾತು ಕೇಳಿ, ಒಲೆಯಲ್ಲಿ ಬೆಸೆದ ಯಾವುದೋ ತುಂಡನ್ನು ಇದರ ಜಾಗದಲ್ಲಿಟ್ಟು ಬದಲಾಯಿಸಿಬಿಟ್ಟರೇ?

ಮತ್ತೆ ಬದಲಾಯಿಸಿದರೆ ಗೊತ್ತಾಗಲೆಂದು ಸೂಜಿಯಿಂದ ಅಲ್ಯೂಮಿನಿಯಂ ತುಂಡಿನ ಹಿಂಬದಿಯಲ್ಲಿ ಗುಟ್ಟಾಗಿ ಒಂದು ಗೀರು ಹಾಕಿ, "ಅಣ್ಣಾ, ಇನ್ನೊಂದ್ಸಲ ಪಾಲಿಶ್ ಮಾಡಿಕೊಡಿ" ಎಂದು ಕೊಟ್ಟೆ. ಅವರು ಚಕ್ರದ ಮುಂದೆ ಬಗ್ಗಿ ನಿಂತಿದ್ದಷ್ಟು ಹೊತ್ತೂ ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ವಾಪಸ್ ಬಂದ ತುಂಡಿನಲ್ಲಿ ಗೀರು ಹಾಗೇ ಇತ್ತು. ನೇರ ಗೆರೆಯೂ ಹಾಗೇ ಇತ್ತು. ಅಣ್ಣ ಹೋಗದೆ ನಿಂತಿದ್ದರು.

"ಹಿಂದಗಡೆ ಗೀರು ಹಾಕಿದ್ದು ನೀವೇ ತಾನೆ ಮೇಡಂ?"

ನಾನು ತಲೆ ಎತ್ತಲಿಲ್ಲ. "ಏಜೆಂಟ್ ಜೊತೆ ಟೀ ಕುಡೀತಿದ್ರಲ್ಲ..."

"ಕುಡಿದೆ. ಮೊದಲನೇ ಸಲ ಇದನ್ನ ಪಾಲಿಶ್ ಮಾಡೋವಾಗ ಜಾಯಿಂಟಲ್ಲಿ ಏನೋ ಪುಡಿಪುಡಿಯಾಗಿ ಉದುರ್ತಿತ್ತು. ಯಾಕಪ್ಪಾ ಅಂತ ಅವನನ್ನೇ ಕೇಳ್ದೆ. ಕಂಪನಿ ಗುಟ್ಟು ಅಂದ. ನಿಮಗೆ ಹೇಳಿದ್ರೆ ನನ್ನ ಪಾಲಿಶ್ಶೇ ಸರಿ ಇಲ್ಲ ಅಂತೀರಿ, ಅದಕ್ಕೇ ಸುಮ್ನಿದ್ದೆ."

ಮುಖ ಬಿಸಿಯಾಯಿತು. ಆದರೂ ಪೂರ್ತಿ ನಂಬದೆ, ಗಡಸುತನ ಅಳೆಯುವ ಯಂತ್ರದ ವಜ್ರದ ಮೊನೆಯನ್ನು ಆ ಬೂದು ಕಲೆಯ ಮೇಲೆ ಒತ್ತಿದೆ. ಮೊನೆ ಒತ್ತಿದ ಚೌಕ ಕುಳಿಯ ಮೂಲೆಗಳಿಂದ ಗಾಜು ಸೀಳಿದಂತೆ ಬಿರುಕು ಓಡಿತು. ತಾಮ್ರದ ತುಂಡಿನಲ್ಲಿ ಹಾಗಾಗಲಿಲ್ಲ.

ಪುಸ್ತಕ ತೆಗೆದು ಕೂತಾಗ ಒಂದೊಂದೇ ತಿಳಿಯಿತು. ತಾಮ್ರ, ಉಕ್ಕು ತೂಕದಲ್ಲಿ ಹತ್ತಿರಹತ್ತಿರ. ಹೊಡೆತ ಬಿದ್ದ ಗಳಿಗೆ ಎರಡೂ ಬಾಗಿ, ನೀರಿನಂತೆ ಹರಿದು ಅಲೆ ಏಳುತ್ತದೆ. ಅಲ್ಯೂಮಿನಿಯಂ ಹಗುರ, ಬೇಗ ಕರಗುವ ಜಾತಿ. ಅಪ್ಪಳಿಸಿದಾಗ ಹುಟ್ಟುವ ಶಾಖಕ್ಕೇ ಅಂಚು ಕರಗಿ, ಕಬ್ಬಿಣದೊಂದಿಗೆ ಬೆರೆತು, ಪೆಡಸಾಗಿ ಗಟ್ಟಿಯಾಗುತ್ತದೆ. ಅದೇ ಬೂದು ಕಲೆ. ಯಾರೂ ತುಂಡು ಬದಲಾಯಿಸಿರಲಿಲ್ಲ, ಲೋಹದ ಗುಣವೇ ಹಾಗಿತ್ತು. ಏಜೆಂಟಿಗೆ ಅದು ಗೊತ್ತಿತ್ತು, ಬಾಯಿ ಬಿಟ್ಟಿರಲಿಲ್ಲ.

ತಾಮ್ರದ್ದು ಸರಿ, ಅಲ್ಯೂಮಿನಿಯಂದು ಬೇಡ ಎಂದು ರಿಪೋರ್ಟು ಬರೆದೆ. ಏಜೆಂಟು ಬಂದು ಕೂಗಾಡಿ ಹೋದ. ಕೆಲವು ವಾರಗಳ ಮೇಲೆ ಅವನೇ ಇನ್ನೊಂದು ತುಂಡು ತಂದ. ಈ ಸಲ ಉಕ್ಕಿಗೂ ಮೇಲಿನ ಗಡಸು ಮಿಶ್ರ ಅಲ್ಯೂಮಿನಿಯಂಗೂ ನಡುವೆ ಮೆತ್ತನೆಯ ಶುದ್ಧ ಅಲ್ಯೂಮಿನಿಯಂನ ತೆಳು ಹಾಳೆ ಸೇರಿಸಿದ್ದರು. ಬೂದು ಕಲೆ ಹುಡುಕಿದರೂ ಸಿಗುವುದು ಕಷ್ಟವಾಯಿತು. ಉಳಿ ಇಟ್ಟು ಹೊಡೆದರೂ ಬೆಸುಗೆ ಬಿಡಲಿಲ್ಲ.

ಅಣ್ಣನ ಹತ್ತಿರ ಹೋಗಿ "ತಪ್ಪಾಯ್ತು" ಎಂದೆ. "ಬಿಡಿ ಮೇಡಂ" ಎಂದರು. ಆದರೆ ಅವತ್ತಿನಿಂದ ಪ್ರತಿ ತುಂಡನ್ನು ಪಾಲಿಶ್ ಮಾಡುವ ಮೊದಲು ಕರೆಯುತ್ತಿದ್ದರು: "ಬನ್ನಿ, ಪಕ್ಕದಲ್ಲೇ ನಿಂತು ನೋಡ್ಕೊಳ್ಳಿ." ಕೆಲಸ ಕಲಿಸುತ್ತಿದ್ದಾರೋ, ಚುಚ್ಚುತ್ತಿದ್ದಾರೋ ನನಗೆ ತಿಳಿಯುತ್ತಿರಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಹೋಗಿ ನಿಲ್ಲುತ್ತಿದ್ದೆ.