ಮದ್ದೂರಿನ ಬಡಗಿ ಶಾಲೆ ತುಂಬಿದ ದಿನ

ಗೆಳೆಯರೇ, ಇವತ್ತು ನಮ್ಮ ಕಚೇರಿಯ ಸಾಹೇಬರ ಜೊತೆ ಮದ್ದೂರಿಗೆ ಹೋಗಿದ್ದೆ. ಯುದ್ಧದಿಂದ ವಾಪಸು ಬಂದು ಕೆಲಸವಿಲ್ಲದೆ ಕೂತವರಿಗೆ ಅಲ್ಲೊಂದು ಶೆಡ್ಡಿನಲ್ಲಿ ಬಡಗಿ ಕೆಲಸ ಕಲಿಸುತ್ತಾರೆ. ಕಲಿತವರು ದುಡಿಮೆಗೆ ಹತ್ತಿದ್ದಾರೋ ಇಲ್ಲವೋ ಎಂದು ನೋಡಿ, ಶಾಲೆ ಉಳಿಸಬೇಕೋ ಮುಚ್ಚಬೇಕೋ ಎಂದು ಸಾಹೇಬರು ತೀರ್ಮಾನಿಸಬೇಕಿತ್ತು.

ಶೆಡ್ಡು ಕಿಕ್ಕಿರಿದಿತ್ತು. ಸಾಹೇಬರು ಹೆಸರಿನ ಪಟ್ಟಿ ನೋಡಿ ಮುಖ ಗಂಟಿಕ್ಕಿ, "ಕಲಿತು ಮುಗಿಸಿದವರೆಲ್ಲ ಇನ್ನೂ ಇಲ್ಲೇ ಕೂತಿದ್ದಾರಲ್ಲ. ಮುಚ್ಚುವುದೇ ವಾಸಿ" ಎಂದರು. ಕಲಿಸುವ ಮರಿಯಪ್ಪ ಮೇಷ್ಟ್ರು, "ಇವರೆಲ್ಲ ಇವತ್ತು ಯಾಕೆ ಬಂದರೋ ನನಗೂ ತಿಳಿಯದು ಸ್ವಾಮಿ" ಎಂದು ಬೆಪ್ಪಾಗಿ ನಿಂತರು.

ಅಷ್ಟರಲ್ಲಿ ಹೆಂಗಸೊಬ್ಬಳು ಒಳಗೆ ನುಗ್ಗಿ ಒಬ್ಬನ ರಟ್ಟೆ ಹಿಡಿದಳು. "ನನ್ ಗಾಡಿ ಚಕ್ರ ಬಿಚ್ಚಾಕ್ಬುಟ್ಟು ಇಲ್ಬಂದು ಕುಂತಿದ್ದೀಯಲ್ಲ ಸಿದ್ದ, ಕಡ್ದಿರೋ ಕಬ್ಬು ಗದ್ದೇಲೇ ಒಣಗ್ತಾ ಅದೆ."

ಸಿದ್ದ ಮೆಲ್ಲಗೆ ಹೇಳಿದ: "ಇವತ್ತೊಂದಿನ ತಡ್ಕಳವ್ವ. ದೊಡ್ಡೋರು ಬಂದಾಗ ಸೆಡ್ಡು ಖಾಲಿ ಇದ್ರೆ ನಮ್ ಮೇಷ್ಟ್ರ ಮಾನ ಓಯ್ತದೆ ಅಂತ ಎಲ್ರೂವೆ ಕೆಲ್ಸ ಬುಟ್ಟು ಬಂದಿದ್ದೀವಿ."

ಸಾಹೇಬರು ಎಲ್ಲರತ್ತ ತಿರುಗಿದರು. "ಹಾಗಾದರೆ ಇಲ್ಲಿ ಕೆಲಸವಿಲ್ಲದವರು ಯಾರು?" ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಕೊನೆಗೆ ಮೇಷ್ಟ್ರೇ ಕೆಮ್ಮಿ, "ಇವರೆಲ್ಲ ವಾಪಸು ಹೋದರೆ, ಹೊಸಬರು ಕಲಿಯಲು ಬರುವವರೆಗೆ ನಾನೊಬ್ಬನೇ ಸ್ವಾಮಿ" ಎಂದರು.

"ಅಂಗಾರೆ ನೀವೂ ಬನ್ನಿ ಮೇಷ್ಟ್ರೆ, ಇನ್ನೊಂದು ಚಕ್ರನೂ ಅಲ್ಲಾಡ್ತದೆ" ಎಂದಳು ಆಯಮ್ಮ.

ಸಾಹೇಬರು ನಕ್ಕುಬಿಟ್ಟರು. ಶಾಲೆ ಉಳಿಯಿತು. ಗುರುವಿನ ಮೇಲಿನ ಪ್ರೀತಿಗೆ ಗುರುವಿನ ಶಾಲೆಯನ್ನೇ ಮುಚ್ಚಿಸಲು ಹೊರಟ ಶಿಷ್ಯರನ್ನು ನಾನು ಕಂಡದ್ದು ಇವತ್ತೇ.